ಕಣ್ಣು ಮುಚ್ಚಿ ಎತ್ತಿದ ಹಿಡಿ

ಸಾಬ್ರೀನ್ ನಮ್ಮ ಕಾಲೇಜಿಗೆ ಬಂದ ದಿನವೇ ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗಿನ ನನ್ನ ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು. ನಾನು ಅಲ್ಲಿ ಕನ್ನಡ ಪಾಠ ಮಾಡುವವಳು, ಹೆಸರು ಜ್ಯೋತಿಲಕ್ಷ್ಮಿ. ಆ ಕುರ್ಚಿಯ ವಿಷಯದಲ್ಲಿ ಪ್ರಿನ್ಸಿಪಾಲರಿಗೂ ರಿಯಾಯಿತಿ ಕೊಟ್ಟವಳಲ್ಲ. "ಅದು ನನ್ನ ಜಾಗ ಕಣಮ್ಮ" ಎಂದೆ. ಅವಳು ದಡಬಡ ಎದ್ದು, "ಸಾರಿ ಮೇಡಂ, ಖಾಲಿ ಇದ್ದಿದ್ರಲ್ಲಿ ಸುಮ್ನೆ ಯಾವ್ದೋ ಒಂದರಲ್ಲಿ ಕೂತೆ. ಸರಿಯಾಗಿ ನಿಮ್ದೇ ಸಿಗ್ಬೇಕಾ!" ಎಂದು ಜೋರಾಗಿ ನಕ್ಕಳು. ತನ್ನ ತಪ್ಪಿಗೆ ತಾನೇ ಅಷ್ಟು ಸಂತೋಷಪಡುವವರ ಮೇಲೆ ರೇಗುವುದು ಹೇಗೆ? ಪಕ್ಕದ ಕುರ್ಚಿ ತೋರಿಸಿದೆ. ಅಂದಿನಿಂದ ಅದು ಅವಳದಾಯಿತು.

ಸಂಖ್ಯಾಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕಿಯಾಗಿ ಬಂದಿದ್ದಳು. ಅತಿಥಿ ಎಂದರೆ ನಮ್ಮಲ್ಲಿ ಬಂದಾಗ ಯಾರೂ ಉಪಚರಿಸುವುದಿಲ್ಲ, ಹೋಗು ಎಂದಾಗ ಹೋಗಬೇಕು, ಅಷ್ಟೇ. ಶಿಡ್ಲಘಟ್ಟದಲ್ಲೇ ಹುಟ್ಟಿ ಬೆಳೆದವಳು. ತಂದೆ ನೂರುಲ್ಲಾ ಸಾಹೇಬರು ರೀಲರ್; ಮಾರ್ಕೆಟ್‌ನಲ್ಲಿ ರೇಷ್ಮೆಗೂಡು ಕೊಂಡು ತಂದು, ಮನೆಯ ಹಿಂದೆಯೇ ಇದ್ದ ಫಿಲೇಚರ್‌ನಲ್ಲಿ ನೂಲು ತೆಗೆಸುವವರು. ರಾಟೆಗಳ ಸದ್ದಿನಲ್ಲೇ ಓದಿದ್ದರಿಂದಲೋ ಏನೋ, ಸಾಬ್ರೀನ್ ಎಲ್ಲಿ ಮಾತಾಡಿದರೂ ಎರಡು ಕೋಣೆಗೆ ಕೇಳಿಸುತ್ತಿತ್ತು. ಏಳನೆಯವರೆಗೆ ಉರ್ದು ಶಾಲೆ, ಆಮೇಲೆ ಇಂಗ್ಲಿಷ್ ಮೀಡಿಯಂ, ಬೆಂಗಳೂರಿನಲ್ಲಿ ಎಂ.ಎಸ್ಸಿ. ಓದು ಮುಗಿದ ಮೇಲೆ ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿದ್ದಳು. ಸಾಲಿನಲ್ಲಿ ಬರುವ ಮಾಲಿನಿಂದ ಆಗಾಗ ಒಂದೊಂದು ಎತ್ತಿ ಅಳೆಯುವುದು. "ಅಲ್ಲಿ ನಾನು ಎತ್ತಿ ಅಳೀತಿದ್ದೆ, ಯಾಕೆ ಅಂತ ಯಾರೂ ಕೇಳ್ತಿರ್ಲಿಲ್ಲ ಮೇಡಂ. ಯಾಕೆ ಅಂತ ಕೇಳೋರು ಬೇಕಿತ್ತು ನನಗೆ" ಎಂದಿದ್ದಳು. ಅದಕ್ಕೇ ಆ ಕೆಲಸ ಬಿಟ್ಟು ಪಾಠಕ್ಕೆ ಬಂದಳು.

ಬಂದ ಮೇಲೆ ತಿಳಿದದ್ದೇನೆಂದರೆ, ಇಲ್ಲಿಯೂ ಯಾರೂ ಕೇಳುತ್ತಿರಲಿಲ್ಲ. ಬಿ.ಎಸ್ಸಿ. ಮೊದಲ ವರ್ಷದ ಮಕ್ಕಳು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದರು. ಬಹುಪಾಲು ಸಾದಲಿ, ಚಿಂತಾಮಣಿ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು, ಕನ್ನಡ ಮಾಧ್ಯಮದಲ್ಲಿ ಓದಿದವರು. ಪ್ರಿನ್ಸಿಪಾಲ್ ವೆಂಕಟರಾಯಪ್ಪನವರು ಒಂದು ದಿನ ಸಾಬ್ರೀನಳನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಕೆಟ್ಟ ಸುದ್ದಿಯನ್ನು ಬೆಳಿಗ್ಗೆಯೇ ಹೇಳಿ ಮುಗಿಸುವ ಅಭ್ಯಾಸದವರು, ಅಷ್ಟೇ.

"ನೋಡಮ್ಮ, ಮಕ್ಕಳಿಲ್ಲದ ವಿಷಯಗಳನ್ನ ಮುಚ್ಚಿ ಅಂತ ಮೇಲಿಂದ ಕೇಳ್ತಾವ್ರೆ. ಮುಂದಿನ ವರ್ಷಕ್ಕೆ ಯಾವ ವಿಷಯ ಇಟ್ಕೊಳ್ತೀವಿ ಅಂತ ಪೋಷಕರ ಸಭೆ ದಿನ ಹುಡುಗ್ರು ಕೈ ಎತ್ತಿ ಹೇಳ್ಬೇಕು. ನಿನ್ನ ವಿಷಯಕ್ಕೆ ಹದಿನೈದು ಕೈ ಬಂದ್ರೆ ಉಳಿಯುತ್ತೆ. ಇಲ್ದಿದ್ರೆ ನನ್ನ ಕೈಲಿ ಏನೂ ಇಲ್ಲ."

ಕಳೆದ ವರ್ಷ ಎದ್ದಿದ್ದು ನಾಲ್ಕು ಕೈ. ಅದರಲ್ಲಿ ಒಬ್ಬ ಹಾಜರಿ ಹೇಳಲು ಎತ್ತಿದ್ದೆ ಎಂದು ಆಮೇಲೆ ತಕರಾರು ಮಾಡಿದ್ದ.

ಸಾಬ್ರೀನ್ ಸ್ಟಾಫ್ ರೂಮಿಗೆ ಬಂದು ನೀರು ಕುಡಿದಳು. "ಮುಚ್ಚಿದ್ರೆ ನಾನು ಹೋಗ್ತೀನಿ, ಅದು ಬೇರೆ. ಆದ್ರೆ ಈ ತಾಲ್ಲೂಕಿನ ಮಕ್ಳಿಗೆ ಈ ವಿಷಯ ಆಮೇಲೆ ಸಿಗಲ್ಲ ಮೇಡಂ. ಮುಚ್ಚಿದ ಬಾಗಿಲು ಯಾರು ತೆಗೀತಾರೆ?" ಎಂದಳು. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮೊದಲು ಅವಳು ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆಸಿದಳು. ಸೂತ್ರಗಳನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳು ನಕಲು ಮಾಡುತ್ತಾರೆ, ಅಷ್ಟೇ. ಅದನ್ನೇ ಒಂದು ಆಟವಾಗಿಸಿ ಕಂಪ್ಯೂಟರಿನಲ್ಲಿ ಸಾವಿರ ಸಲ ಆಡಿಸಿ ತೋರಿಸಿದರೆ ಕಣ್ಣಿಗೆ ಕಾಣುತ್ತದೆ ಎಂಬುದು ಅವಳ ಲೆಕ್ಕ. ಇಂಟರ್‌ನೆಟ್ಟಿನಿಂದ ಅಂಥ ಒಂದು ಸಿಮ್ಯುಲೇಷನ್ ಇಳಿಸಿದಳು. ಪರದೆಯ ಮೇಲೆ ಇಸ್ಪೀಟ್ ಎಲೆಗಳು ಹಾರಿ ಹಾರಿ ಬೀಳುತ್ತಿದ್ದವು. ಹೆಣ್ಣುಮಕ್ಕಳಲ್ಲಿ ಅರ್ಧ ಜನಕ್ಕೆ ಇಸ್ಪೀಟು ಯಾವುದು, ಆಟಿನು ಯಾವುದು ಎಂದೇ ಗೊತ್ತಿಲ್ಲ. ಗೊತ್ತಿದ್ದ ಗಂಡುಮಕ್ಕಳು ಗೊತ್ತಿದೆ ಎಂದು ಹೇಳಲು ತಯಾರಿಲ್ಲ. ಮೂರನೇ ದಿನ ಒಬ್ಬ ತಂದೆ ಬಂದು, ಕಾಲೇಜಿನಲ್ಲಿ ಮಕ್ಕಳಿಗೆ ಎಲೆ ಆಡಿಸುತ್ತಾರಂತೆ ಎಂದು ಪ್ರಿನ್ಸಿಪಾಲರ ಮುಂದೆ ಕೂಗಾಡಿ ಹೋದರು. ಇಸ್ಪೀಟು ಅಲ್ಲಿಗೆ ಮುಗಿಯಿತು.

ಆಗ ಸಾಬ್ರೀನ್ ಊರಿನ ವಸ್ತುವನ್ನೇ ಹಿಡಿದಳು. ನಮ್ಮಲ್ಲಿ ರೇಷ್ಮೆಗೂಡು ನೋಡದವರು ಯಾರು? "ನಾಳೆ ಎಲ್ಲರೂ ಮನೆಯ ಗೂಡಿನ ರಾಶಿಯಿಂದ ಒಂದು ಯಾದೃಚ್ಛಿಕ ಮಾದರಿ ತರಬೇಕು" ಎಂದು ಬೋರ್ಡಿನ ಮೇಲೆ ಬರೆದಳು. ಮನೆಯಲ್ಲಿ ಹುಳು ಸಾಕದವರು ಪಕ್ಕದ ಮನೆಯಿಂದ ತರಬಹುದು. ಯಾದೃಚ್ಛಿಕ! ಕನ್ನಡ ಎಂ.ಎ. ಮಾಡಿದ ನಾನೇ ಆ ಪದವನ್ನು ಎಡವದೆ ದಾಟಲಾರೆ. ರ್ಯಾಂಡಮ್ ಎಂಬುದಕ್ಕೆ ಪಾರಿಭಾಷಿಕ ಪದಕೋಶ ನೋಡಿ, ಮಕ್ಕಳಿಗೆ ಸುಲಭವಾಗಲಿ ಎಂದು ಅವಳು ಕಷ್ಟಪಟ್ಟು ಹುಡುಕಿದ್ದಂತೆ.

ಮರುದಿನ ಮಕ್ಕಳು ಪ್ಲಾಸ್ಟಿಕ್ ಕವರಿನಲ್ಲಿ, ಟಿಫನ್ ಡಬ್ಬಿಯಲ್ಲಿ ಗೂಡು ತಂದರು. ಎಲ್ಲವನ್ನೂ ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿಯಲ್ಲಿ ತೂಗಿದರು. ಒಂದರಲ್ಲೂ ಕಲೆಯಿಲ್ಲ, ಒಂದೂ ತೆಳುವಿಲ್ಲ, ಒಂದೂ ಸೊಟ್ಟಗಿಲ್ಲ. ಇಡೀ ತಾಲ್ಲೂಕಿನಲ್ಲಿ ಕೆಟ್ಟ ಗೂಡೇ ಇಲ್ಲ ಎಂದು ಲೆಕ್ಕ ಹೇಳಿತು. ರೀಲರ್ ಮಗಳಿಗೆ ಇದನ್ನು ನಂಬಲು ಸಾಧ್ಯವೇ?

"ಏನ್ರಪ್ಪಾ ಇದು? ಕೆಟ್ಟ ಗೂಡೆಲ್ಲಾ ಎಲ್ಲೋಯ್ತು?" ಎಂದು ಕೇಳಿದಳು.

ಸಾದಲಿಯ ಮುನಿಲಕ್ಷ್ಮಿ ಎದ್ದು ನಿಂತಳು. ಅಲ್ಲಿಯವರೆಗೆ ತರಗತಿಯಲ್ಲಿ ಬಾಯಿ ತೆರೆಯದ ಹುಡುಗಿ. ಅಂದು ಮೂಗಿನ ತುದಿಯಲ್ಲಿ ಸಿಟ್ಟಿತ್ತು. "ನೀವೇ ಅಂದ್ರಲ್ಲ ಮೇಡಂ, ಮಾದರಿ ತನ್ನಿ ಅಂತ. ನಮ್ಮಪ್ಪಂಗೆ ಹೋದ್ ವರ್ಷ ಮಾದರಿ ರೈತ ಅಂತ ಶಾಲು ಹಾಕಿದ್ರು. ಅದಕ್ಕೆ ಒಳ್ಳೊಳ್ಳೇವೇ ಆರಿಸಿ ಆರಿಸಿ ತಂದೆ. ಕೆಟ್ಟಿದ್ದು ತಂದ್ರೆ ಮಾದರಿ ಹೆಂಗಾಗ್ತದೆ?"

ತರಗತಿಯೆಲ್ಲ ಹೌದು ಹೌದು ಎಂದಿತು. ಸಾಬ್ರೀನ್ ಪಾಠ ಅಲ್ಲಿಗೇ ಬಿಟ್ಟು ನನ್ನ ಹತ್ತಿರ ಓಡಿಬಂದಳು.

"ಜ್ಯೋತಿ ಮೇಡಂ, ಮಾದರಿ ಅಂದ್ರೆ ಏನು?"

"ಬೇರೆಯವರು ನೋಡಿ ಕಲಿಯೋ ಹಂಗಿರೋದು. ಮಾದರಿ ಶಾಲೆ, ಮಾದರಿ ಗ್ರಾಮ."

"ಸ್ಯಾಂಪಲ್ ಅಲ್ವಾ?"

"ಅದೂ ಹೌದು. ಆದ್ರೆ ಸ್ಯಾಂಪಲ್ ತೋರ್ಸಪ್ಪ ಅಂದ್ರೆ ಅಂಗಡಿಯೋನು ಹರಿದಿದ್ದು ತೋರಿಸ್ತಾನೇನಮ್ಮ? ಇರೋದ್ರಲ್ಲಿ ಚೆನ್ನಾಗಿರೋದನ್ನೇ ತೆಗೆದು ಮುಂದಿಡ್ತಾನೆ."

ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು. ಇಷ್ಟು ದಿನ ಅವಳು ಮಾದರಿ, ಮಾದರಿ ಎಂದು ಗಂಟಲು ಹರಿದುಕೊಂಡಿದ್ದೆಲ್ಲ ಮಕ್ಕಳ ಕಿವಿಗೆ 'ಒಳ್ಳೆಯದನ್ನು ಆರಿಸು' ಎಂದೇ ಕೇಳಿಸಿತ್ತು. ಅವಳು ಹೇಳಬೇಕಾಗಿದ್ದದ್ದು 'ಆರಿಸಬೇಡ' ಎಂದು. ಮಕ್ಕಳು ದಡ್ಡರಲ್ಲ, ಕನ್ನಡ ಬಲ್ಲವರು, ಅದೇ ತೊಂದರೆಯಾಗಿತ್ತು. ಆಮೇಲೆ ಇದ್ದಕ್ಕಿದ್ದಂತೆ ನಗಲು ಶುರು ಮಾಡಿದಳು. "ಹಂಗಾದ್ರೆ ಅವರಿಗೆ ಅರ್ಥ ಆಗ್ತಿತ್ತು ಮೇಡಂ! ನಾನು ಹೇಳಿದ್ದನ್ನೇ ಮಾಡಿದ್ರು ಅವ್ರು!" ಎಂದು ಮೇಜು ಕುಟ್ಟಿದಳು. ನನ್ನ ಕಾಫಿ ಚೆಲ್ಲಿತು.

ಆ ವಾರವೇ ಅವಳು ತನ್ನ ಸಿಮ್ಯುಲೇಷನ್ನನ್ನು ತಾನೇ ಬರೆದಳು. ಪರದೆ ತುಂಬ ಗೂಡಿನ ರಾಶಿ. ಬಿಳಿಯವು ಒಳ್ಳೆಯವು, ಕಂದುಬಣ್ಣದವು ಕೆಟ್ಟವು. ನೂರಕ್ಕೆ ಎಷ್ಟು ಕೆಟ್ಟವಿರಬೇಕು ಎಂದು ನಾವೇ ಹೇಳಬಹುದು. ಕೆಳಗೆ ಒಂದು ಗುಂಡಿ. ಅದರ ಮೇಲೆ 'ಕಣ್ಣು ಮುಚ್ಚಿ ಒಂದು ಹಿಡಿ' ಎಂದು ಬರೆದಿತ್ತು. ಒತ್ತಿದರೆ ಒಂದು ಕೈ ರಾಶಿಯೊಳಗೆ ಹೋಗಿ ಇಪ್ಪತ್ತು ಗೂಡು ಎತ್ತುತ್ತದೆ, ಅದರಲ್ಲಿ ಕೆಟ್ಟವೆಷ್ಟು ಎಂದು ಪಕ್ಕದಲ್ಲಿ ಒಂದು ಚುಕ್ಕೆ ಬೀಳುತ್ತದೆ. ಒತ್ತಿದಷ್ಟೂ ಚುಕ್ಕೆಗಳು ಒಂದರ ಮೇಲೊಂದು ಕೂತು ಗುಡ್ಡೆಯಾಗುತ್ತವೆ. ಇನ್ನೊಂದು ಗುಂಡಿ 'ಸಾವಿರ ಹಿಡಿ'. ಮಾದರಿ ಎಂಬ ಪದ ಎಲ್ಲಿಯೂ ಇರಲಿಲ್ಲ. ಯಾದೃಚ್ಛಿಕವೂ ತೊಲಗಿತ್ತು, ಅದಕ್ಕೆ ನಾನು ಪ್ರತ್ಯೇಕವಾಗಿ ಸಂತೋಷಪಟ್ಟೆ.

ಮೊಬೈಲಿನಲ್ಲೂ ಓಡುವಂತೆ ಮಾಡಿದ್ದಳು. ಅದು ಲ್ಯಾಬಿನಿಂದ ಬಸ್ಸಿಗೆ, ಬಸ್ಸಿನಿಂದ ಮನೆಗೆ ಹೋಯಿತು. ಚಿಂತಾಮಣಿಯಿಂದ ಬರುವ ನನ್ನ ಬಸ್ಸಿನಲ್ಲೇ ಮಕ್ಕಳು ಹಿಡಿ ಎತ್ತುತ್ತ ಜಗಳವಾಡುತ್ತಿದ್ದರು. "ಹತ್ತಕ್ಕೊಂದು ಕೆಟ್ಟಿದ್ರೆ ಇಪ್ಪತ್ತರಲ್ಲಿ ಎರಡೇ ಬರ್ಬೇಕಲ್ವೇನೋ?" "ಬರ್ಬೇಕು ಅಂತ ಯಾರಂದ್ರು ನಿಂಗೆ? ನಂಗೆ ಸೊನ್ನೆ ಬಂತು ನೋಡು." ತರಗತಿಯಲ್ಲಿ ಈಗ ಯಾಕೆ, ಯಾಕೆ ಎಂಬ ಗದ್ದಲ. ಪಕ್ಕದ ಕೋಣೆಯಲ್ಲಿ ನಾನು ಹಳಗನ್ನಡ ಓದಿಸುವುದೇ ಕಷ್ಟವಾಯಿತು. ಎರಡು ಸಲ ಹೋಗಿ ಬೈದೂ ಬಂದೆ. ಅಲ್ಲಿ ಎಲ್ಲರಿಗಿಂತ ಜೋರಾಗಿ ವಾದ ಮಾಡುತ್ತಿದ್ದವಳು ಮುನಿಲಕ್ಷ್ಮಿ.

ಆದರೆ ಕೈ ಎತ್ತುವ ವಿಷಯ ಬಂದಾಗ ಅವಳೇ ತಲೆ ತಗ್ಗಿಸಿದಳು. "ನಮ್ಮಪ್ಪ ಕೆಮಿಸ್ಟ್ರೀನೇ ತಗೋ ಅಂತವ್ರೆ ಮೇಡಂ. ಔಷಧಿ ಫ್ಯಾಕ್ಟ್ರೀಲಿ ಕೆಲ್ಸ ಸಿಗ್ತದಂತೆ. ನಿನ್ನ ಸಂಖ್ಯಾಶಾಸ್ತ್ರದಿಂದ ಏನಾಗ್ತದೆ ಅಂತ ಕೇಳಿದ್ರೆ ನಂಗೆ ಹೇಳಕ್ ಬರಲ್ಲ." ಬೇರೆ ಮಕ್ಕಳ ಕಥೆಯೂ ಹೆಚ್ಚುಕಡಿಮೆ ಇದೇ. ಕೈ ಮಕ್ಕಳದು, ಎತ್ತಿಸುವವರು ಅಪ್ಪ ಅಮ್ಮ.

"ಬಾಯಲ್ಲಿ ಹೇಳಕ್ ಬರ್ದಿದ್ರೆ ಬೇಡ. ತೋರ್ಸು" ಎಂದಳು ಸಾಬ್ರೀನ್.

ಪೋಷಕರ ಸಭೆಯ ದಿನ ಸಭಾಂಗಣದ ವೇದಿಕೆಯಲ್ಲಿ ಮೇಜಿನ ಮೇಲೆ ಒಂದು ಜಾಲರಿ ಇಟ್ಟಿದ್ದರು, ಮಾರ್ಕೆಟ್‌ನಲ್ಲಿ ಗೂಡು ಸುರಿಯುತ್ತಾರಲ್ಲ, ಅಂಥ ಆಳದ ತೊಟ್ಟಿ. ಅದರ ತುಂಬ ಮುನಿಲಕ್ಷ್ಮಿಯ ಮನೆಯ ಗೂಡು. ಅವಳ ತಂದೆ ಆಂಜನಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದ, ಮನೆಯ ಗೂಡು ಕಾಲೇಜಿಗೆ ಬಂದ ಹೆಮ್ಮೆಯಲ್ಲಿ. ಹಿಂದಿನ ಸಾಲಿನಲ್ಲಿ ನೂರುಲ್ಲಾ ಸಾಹೇಬರು ಟೋಪಿ ಸರಿಮಾಡಿಕೊಳ್ಳುತ್ತ ಕೂತಿದ್ದರು; ಮಗಳು ಕರೆದಿದ್ದಳು.

ಮುನಿಲಕ್ಷ್ಮಿ ಮೈಕ್ ಹಿಡಿದು ಇಬ್ಬರನ್ನೂ ಮೇಲಕ್ಕೆ ಕರೆದಳು. "ಈ ರಾಶೀಲಿ ನೂರಕ್ಕೆ ಎಷ್ಟು ಕೆಟ್ಟ ಗೂಡಿದೆ? ಒಂದೊಂದು ಹಿಡಿ ಎತ್ತಿ ಹೇಳಿ."

ಆಂಜನಪ್ಪ ರೈತರು ಎತ್ತುವ ಹಾಗೆ ಮೇಲಿಂದ ನಾಜೂಕಾಗಿ ಎತ್ತಿದ. ಒಂದೂ ಕೆಟ್ಟದ್ದಿಲ್ಲ. "ನೋಡ್ಕೊಳ್ಳಿ. ಮಲ್ಲಿಗೆ ಮೊಗ್ಗಿದ್ದಂಗೈತೆ" ಎಂದ. ನೂರುಲ್ಲಾ ಸಾಹೇಬರು ರೀಲರ್‌ಗಳು ಮಾಡುವ ಹಾಗೆ ತೋಳು ಮಡಚಿ, ಮೊಣಕೈವರೆಗೆ ಕೈಯಿಳಿಸಿ, ತಳ ಕೆದಕಿ ತೆಗೆದರು. ಇಪ್ಪತ್ತರಲ್ಲಿ ಐದು ಕೆಟ್ಟವು. "ಕಾಲು ಭಾಗ ಖರಾಬು" ಎಂದು ಎಲ್ಲರಿಗೂ ಎತ್ತಿ ತೋರಿಸಿದರು.

"ಏನ್ ಸಾಬ್ರೇ, ಆರಿಸಿ ಆರಿಸಿ ಕೆಟ್ಟಿದ್ದೇ ತೆಗೆದ್ರಲ್ಲ!"

"ಅರೇ, ನೀವು ಮೇಲೆ ಮೇಲೆ ಸವರಿದ್ರಿ ಯಜಮಾನ್ರೇ! ತಳದಲ್ಲಿ ಬಚ್ಚಿಟ್ಟಿದ್ದು ಯಾರು?"

ಸಭೆಯಲ್ಲಿದ್ದ ರೈತರೆಲ್ಲ ಒಂದು ಕಡೆ, ರೀಲರ್‌ಗಳೆಲ್ಲ ಒಂದು ಕಡೆ. ಮಾರ್ಕೆಟ್ಟೇ ಎದ್ದು ಕಾಲೇಜಿಗೆ ಬಂದ ಹಾಗಾಯಿತು. ವೆಂಕಟರಾಯಪ್ಪನವರು ಗಾಬರಿಯಿಂದ ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ.

"ಅಪ್ಪಾ, ಸುಮ್ನಿರು. ಸಾಬ್ರೇ, ನೀವೂ ಒಸಿ ಸುಮ್ನಿರಿ" ಎಂದಳು ಮುನಿಲಕ್ಷ್ಮಿ. ತಂದೆಗೆ ಸುಮ್ಮನಿರು ಎಂದು ನೂರಾರು ಜನರ ಮುಂದೆ! ಹುಡುಗಿ ಅಷ್ಟಕ್ಕೇ ನಿಲ್ಲಲಿಲ್ಲ. ಒಬ್ಬ ತಾಯಿಯನ್ನು ಕರೆದು ಕಂಪ್ಯೂಟರಿನ ಗುಂಡಿ ಒತ್ತಿಸಿದಳು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಸಾವಿರ ಹಿಡಿ ಎದ್ದು, ಚುಕ್ಕೆಗಳು ಗುಡ್ಡೆ ಕಟ್ಟಿದವು. "ಪರದೆ ಮೇಲಿರೋ ಈ ರಾಶೀಲಿ ಹತ್ತಕ್ಕೊಂದು ಕೆಟ್ಟದ್ದು, ನಾವೇ ಹಾಕಿರೋದು. ಆದ್ರೂ ನೋಡಿ, ಈ ತುದೀಲಿ ಒಂದೂ ಕೆಟ್ಟದ್ದು ಸಿಗದ ಹಿಡಿಗಳವೆ. ಅಪ್ಪಾ, ನಿನ್ನ ಹಿಡಿ ಇಲ್ಲೈತೆ. ಈ ಕಡೆ ತುದೀಲಿ ಐದೈದು ಸಿಕ್ಕಿರೋವು. ಸಾಬ್ರೇ, ನಿಮ್ದು ಇಲ್ಲಿ. ಒಂದೇ ರಾಶಿಯಿಂದ ಎರಡೂ ಬರ್ತವೆ. ಅದೂ ಕಣ್ಣು ಮುಚ್ಚಿ ಎತ್ತಿದ್ರೆ. ನೀವಿಬ್ರೂ ಕಣ್ಣು ಬಿಟ್ಕೊಂಡೇ ಎತ್ತಿದ್ರಿ."

ಜನ ಹೋ ಎಂದು ನಕ್ಕರು. ನೂರುಲ್ಲಾ ಸಾಹೇಬರೂ ನಕ್ಕರು. ಆಂಜನಪ್ಪ ನಗಲಿಲ್ಲ. "ಸರಿ ಬಿಡಮ್ಮ. ಹಂಗಾದ್ರೆ ನಿಜ ಎಷ್ಟು? ನಿನ್ನ ಮಿಷಿನ್ನು ಹೇಳ್ತದಾ?" ಎಂದ. ಕೇಳಬೇಕಾದ ಪ್ರಶ್ನೆಯೇ ಅದು.

ಮಕ್ಕಳು ರಾಶಿಯನ್ನು ತಳಮೇಲು ಮಾಡಿ ಚೆನ್ನಾಗಿ ಕಲಸಿದರು. ಹತ್ತು ಜನ ಕಣ್ಣಿಗೆ ಟವಲು ಕಟ್ಟಿಕೊಂಡು ಒಂದೊಂದು ಹಿಡಿ, ಇಪ್ಪತ್ತಿಪ್ಪತ್ತು ಗೂಡು, ಎತ್ತಿದರು. ಇನ್ನೂರರಲ್ಲಿ ಹದಿನೇಳು ಕೆಟ್ಟವು. ಮುನಿಲಕ್ಷ್ಮಿ ಕಂಪ್ಯೂಟರಿನಲ್ಲಿ ಬೇರೆ ಬೇರೆ ರಾಶಿಗಳನ್ನು ಮಾಡಿ, ಯಾವ ಯಾವ ರಾಶಿಯಿಂದ ಸುಮಾರಾಗಿ ಹದಿನೇಳು ಬರಬಹುದು ಎಂದು ಒಂದೊಂದನ್ನೇ ತೋರಿಸಿದಳು. ನೂರಕ್ಕೆ ಎರಡು ಕೆಟ್ಟ ರಾಶಿಯಿಂದ ಬರುವುದೇ ಇಲ್ಲ. ಇಪ್ಪತ್ತೈದು ಕೆಟ್ಟ ರಾಶಿಯಿಂದಲೂ ಬರುವುದಿಲ್ಲ. "ಈ ಜಾಲರೀಲಿ ನೂರಕ್ಕೆ ಐದರಿಂದ ಹನ್ನೆರಡರ ಒಳಗೆ ಕೆಟ್ಟವಿದಾವೆ. ಈಗ ಎಲ್ಲಾನೂ ಎಣಿಸಣ" ಎಂದಳು.

ಎಣಿಸಲು ಇಬ್ಬರು ತಂದೆಯರೇ ಕೂತರು. ಇನ್ನೊಬ್ಬರ ಎಣಿಕೆಯ ಮೇಲೆ ಇಬ್ಬರಿಗೂ ನಂಬಿಕೆ ಇರಲಿಲ್ಲವಾದ್ದರಿಂದ ಪ್ರತಿ ಗೂಡನ್ನೂ ಇಬ್ಬರೂ ನೋಡಿದರು. ಸಾಬ್ರೀನ್ ನನ್ನ ಪಕ್ಕ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಸರಿಯಾಗಿ ಬರ್ತದಲ್ವಾ?" ಎಂದು ಕೇಳಿದೆ.

"ಇಪ್ಪತ್ತು ಸಲದಲ್ಲಿ ಒಂದ್ಸಲ ತಪ್ಪುತ್ತೆ ಮೇಡಂ. ಲೆಕ್ಕಾನೇ ಹಂಗೆ. ಆ ಒಂದ್ಸಲ ಇವತ್ತೇ ಆಗ್ಬಿಟ್ರೆ?"

"ಮೊದ್ಲೇ ಹೇಳಕ್ಕೇನಾಗಿತ್ತು ನಿಂಗೆ!" ಎಂದು ಗದರಿದೆ. ಹೇಳಿದ್ದರೆ ನಾನೇ ಈ ಆಟ ಬೇಡ ಎನ್ನುತ್ತಿದ್ದೆ. ಅವಳಿಗೂ ಅದು ಗೊತ್ತಿತ್ತು. ನನಗೆ ಆ ಕ್ಷಣದಲ್ಲಿ ಅವಳ ಮೇಲೆ ಬಂದಷ್ಟು ಸಿಟ್ಟು, ಬಂದಷ್ಟು ಪ್ರೀತಿ ಮತ್ಯಾವಾಗಲೂ ಬಂದಿಲ್ಲ.

ಎಣಿಕೆ ಮುಗಿಯಿತು. ನೂರುಲ್ಲಾ ಸಾಹೇಬರು ಎದ್ದು ನಿಂತು, ಆಂಜನಪ್ಪನ ಕಡೆ ನೋಡಿ, "ನೀವೇ ಹೇಳಿ" ಎಂದರು. ಆಂಜನಪ್ಪ ಮೈಕ್ ಇಸಿದುಕೊಂಡ.

"ನೂರಕ್ಕೆ ಒಂಬತ್ತು" ಎಂದ. "ನಾನಂದಿದ್ದೂ ಅಲ್ಲ, ಸಾಬ್ರಂದಿದ್ದೂ ಅಲ್ಲ. ನಮ್ಮ ಹುಡುಗಿ ಅಂದಿದ್ದು."

ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ನಾನೂ ಎದ್ದು ನಿಂತು ತಟ್ಟಿದೆ, ಅಂಗೈ ಉರಿಯುವಷ್ಟು. ಗದ್ದಲ ಇಳಿಯುವವರೆಗೂ ಕಾದು ವೆಂಕಟರಾಯಪ್ಪನವರು ಮುಂದೆ ಬಂದರು. ಗಂಟಲು ಸರಿಮಾಡಿಕೊಂಡು, "ಮುಂದಿನ ವರ್ಷಕ್ಕೆ ಸಂಖ್ಯಾಶಾಸ್ತ್ರ ಯಾರ್ ಯಾರು ತಗೊಳ್ತೀರ? ಕೈ ಎತ್ತಿ" ಎಂದರು.

ಯಾರೂ ಎತ್ತಲಿಲ್ಲ. ಒಂದೊಂದು ಮಗುವೂ ತನ್ನ ಅಪ್ಪ ಅಮ್ಮನ ಕಡೆ ನೋಡುತ್ತಿತ್ತು. ಮುನಿಲಕ್ಷ್ಮಿ ವೇದಿಕೆಯ ಮೇಲೆಯೇ ನಿಂತಿದ್ದಳು, ಕೈಗಳು ಕೆಳಗೆ, ಕಣ್ಣು ತಂದೆಯ ಮೇಲೆ. ಅಷ್ಟೆಲ್ಲ ಮಾತಾಡಿದ ಹುಡುಗಿಗೆ ಈಗ ಒಂದು ಮಾತು ಕೇಳಲು ಧೈರ್ಯವಿರಲಿಲ್ಲ. ಸಾಬ್ರೀನ್ ಕಣ್ಣು ಮುಚ್ಚಿಕೊಂಡಳು.

"ಕೆಮಿಸ್ಟ್ರಿ ಅಂದಿದ್ದೆ ನಾನು" ಎಂದ ಆಂಜನಪ್ಪ, ಮೈಕ್ ಇನ್ನೂ ತನ್ನ ಕೈಯಲ್ಲೇ ಇದೆ ಎಂಬುದನ್ನು ಮರೆತು. "ಇದು ಇಂಗಿರ್ತದೆ ಅಂತ ನಂಗ್ಯಾರು ಹೇಳಿದ್ರು?" ಹಾಗೆಂದು ಮಗಳ ಕೈ ಹಿಡಿದು, ತಾನೇ ಮೇಲಕ್ಕೆತ್ತಿದ.

ಆಮೇಲೆ ಕೈಗಳು ಎದ್ದವು. ಬಲಗಡೆಯ ಬೆಂಚುಗಳಲ್ಲಿ ಮೊದಲು, ನಂತರ ಹಿಂದೆ, ನಂತರ ಎಲ್ಲಿ ನೋಡಿದರೂ. ಕೆಲವು ಕಡೆ ತಾಯಂದಿರು ಮಕ್ಕಳ ಭುಜ ತಿವಿದು ಎತ್ತಿಸುತ್ತಿದ್ದರು. ವೆಂಕಟರಾಯಪ್ಪನವರು ಬೆರಳು ತೋರಿಸುತ್ತ ಜೋರಾಗಿ ಎಣಿಸಿದರು. ಹದಿನೈದು ಎಂದಾಗ ನಿಲ್ಲಿಸುತ್ತಾರೆಂದುಕೊಂಡೆ. ಅವರು ನಿಲ್ಲಿಸದೆ ಎಣಿಸುತ್ತಲೇ ಹೋದರು, ನಲವತ್ತರ ಹತ್ತಿರ ಎಲ್ಲೋ ಲೆಕ್ಕ ತಪ್ಪಿ, "ಅಯ್ಯೋ, ಇಳಿಸ್ರಪ್ಪ, ಉಳೀತು ನಿಮ್ಮ ವಿಷಯ, ಇಳಿಸ್ರಿ ಕೈ" ಎಂದು ಕೂಗಿದರು.

ಯಾರೂ ಇಳಿಸಲಿಲ್ಲ.